ಸೆಪ್ಟೆಂಬರಿನ ಹುಡುಗಿಗೊಂದು ನೀಲ

ನಮ್ಮ ಮನೆಗಳಿಗೆ ಹರಳು ಬರುತ್ತಿದ್ದದ್ದು ಎರಡೇ ದಾರಿಯಲ್ಲಿ. ಒಂದು, ಅಜ್ಜಿಯ ಪೆಟ್ಟಿಗೆಯಿಂದ ಅಮ್ಮನ ಪೆಟ್ಟಿಗೆಗೆ: ಕೆಂಪಿನ ಓಲೆ, ಮುತ್ತಿನ ಬುಗುಡಿ, ಪಚ್ಚೆಯ ಪದಕ. ಇನ್ನೊಂದು, ಜೋಯಿಸರ ಚೀಟಿಯಿಂದ: ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ. ಒಂದು ಹಕ್ಕಿನ ದಾರಿ, ಇನ್ನೊಂದು ಪರಿಹಾರದ ದಾರಿ. ಪ್ರೀತಿಸಿದವರಿಗೆ ಹುಟ್ಟುಹಬ್ಬಕ್ಕೆಂದು ಒಂದು ಹರಳು ಆರಿಸಿ ಕೊಡುವುದು ನಮ್ಮಲ್ಲಿ ಈಚಿನ ಬಳಕೆ. ನನಗೆ ಈ ಮೂರನೆಯ ದಾರಿಯ ಮೇಲೆ ತುಂಬ ಅಕ್ಕರೆ.

ಅಕ್ಕನ ಮಗ ತಾನು ಮದುವೆಯಾಗಲಿರುವ ಹುಡುಗಿಗೆ ನೀಲ ಕೊಡುತ್ತೇನೆಂದಾಗ ಈ ದಾರಿಗಳೆಲ್ಲ ಒಂದೇ ಅಡುಗೆಮನೆಯಲ್ಲಿ ಎದುರುಬದುರಾದವು.

"ನೀಲಾನಾ? ಶನಿ ಕಲ್ಲು ಕಣೋ ಅದು. ಎಲ್ಲರಿಗೂ ಕೂಡಿ ಬರಲ್ಲ. ಮೂರು ರಾತ್ರಿ ದಿಂಬಿನ ಕೆಳಗಿಟ್ಟು ನೋಡ್ಬೇಕು" ಎಂದಳು ಅಕ್ಕ.

"ಅವಳು ಹುಟ್ಟಿದ್ದು ಸೆಪ್ಟೆಂಬರ್‌ನಲ್ಲಿ ಅಮ್ಮ. ಸೆಪ್ಟೆಂಬರ್‌ಗೆ ನೀಲ ಅಂತಲೇ ಇದೆ."

"ಯಾವ ಶಾಸ್ತ್ರದಲ್ಲಿದೆ?"

ಅವನು ನನ್ನ ಮುಖ ನೋಡಿದ. ಆ ಶಾಸ್ತ್ರ ಹುಟ್ಟಿದ್ದು 1912ರಲ್ಲಿ. ಅಮೆರಿಕದ ಒಡವೆ ವ್ಯಾಪಾರಿಗಳ ಸಂಘ ಸಭೆ ಸೇರಿ ಹನ್ನೆರಡು ತಿಂಗಳಿಗೂ ಹರಳು ಹಂಚಿತು. ಬೈಬಲಿನಲ್ಲಿ ಬರುವ ಮಹಾಯಾಜಕನ ಎದೆಕವಚದ ಹನ್ನೆರಡು ರತ್ನಗಳ ನೆನಪು ಅದರ ಹಿಂದಿದ್ದರೂ ಪಟ್ಟಿಯನ್ನು ಗಟ್ಟಿ ಮಾಡಿದ್ದು ಅಂಗಡಿಯವರೇ. ಅದು ಈಗಲೂ ಬೆಳೆಯುತ್ತಿದೆ. ಟಾಂಜಾನಿಯಾದಲ್ಲಿ 1967ರಲ್ಲಿ ಸಿಕ್ಕ ಟಾಂಜನೈಟ್ 2002ರಲ್ಲಿ ಡಿಸೆಂಬರಿಗೆ ಸೇರಿತು. 2016ರಲ್ಲಿ ಆಗಸ್ಟ್‌ಗೆ ಸ್ಪಿನೆಲ್ ಬಂತು. ಹಾಗೆಂದು ನಾನು ಆ ಪಟ್ಟಿಯನ್ನು ತಳ್ಳಿಹಾಕುವವಳಲ್ಲ. ಅದರಲ್ಲಿ ಗ್ರಹಗಳ ಭಯವಿಲ್ಲ. ಜನವರಿಯವರಿಗೆ ಗಾರ್ನೆಟ್, ಫೆಬ್ರವರಿಯವರಿಗೆ ಅಮೆಥಿಸ್ಟ್. ಎರಡೂ ಸಾಧಾರಣ ಸಂಬಳದವರ ಕೈಗೆಟುಕುವ ಹರಳುಗಳು. ನೀನು ಹುಟ್ಟಿದ ತಿಂಗಳು ನನಗೆ ನೆನಪಿದೆ ಎಂದು ಹೇಳಲು ಅಷ್ಟು ಸಾಕು.

ಹರಳಿಗೆ ನೆನಪನ್ನು ಹೊರುವ ಕೆಲಸ ಕೊಟ್ಟದ್ದು ಪಟ್ಟಿಗಳಿಗಿಂತ ಎಷ್ಟೋ ಹಿಂದೆ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಹನುಮಂತ ತಂದ ಚೂಡಾಮಣಿಯನ್ನು ರಾಮ ಎದೆಗೊತ್ತಿಕೊಳ್ಳುತ್ತಾನೆ. ನೀರಿನಲ್ಲಿ ಹುಟ್ಟಿದ ಆ ಮಣಿ ಯಜ್ಞದಲ್ಲಿ ಮೆಚ್ಚಿದ ಇಂದ್ರನಿಂದ ಜನಕನಿಗೆ ಬಂದದ್ದು, ಮದುವೆಯ ಹೊತ್ತಿಗೆ ಸೀತೆಯ ತಲೆಗೇರಿದ್ದು. ಅದನ್ನು ನೋಡುತ್ತ ರಾಮನಿಗೆ ಸೀತೆಯಷ್ಟೇ ಅಲ್ಲ, ತನ್ನ ತಂದೆಯೂ ಮಾವನೂ ಕಣ್ಮುಂದೆ ಬಂದಂತಾಗುತ್ತದೆ. ಅದರ ಬೆಲೆಯನ್ನೋ ಬಣ್ಣವನ್ನೋ ಅವನು ಎತ್ತುವುದಿಲ್ಲ. ಯಾರು, ಯಾವಾಗ, ಯಾರ ತಲೆಗೆ ತೊಡಿಸಿದರು ಎಂಬುದೇ ಅವನ ಮಾತು. ಉಡುಗೊರೆಯಾಗಿ ಬಂದ ರತ್ನದ ಬಗ್ಗೆ ಇದಕ್ಕಿಂತ ಒಳ್ಳೆಯ ಪುಟ ನಾನು ಓದಿಲ್ಲ.

ಆದರೆ ಚೂಡಾಮಣಿ ಇರುವುದು ತಲೆಯ ಮೇಲೆ. ಕೈಯ ಕಥೆ ಬೇರೆ. ನನ್ನ ಅಮ್ಮನಿಗೆ ಕುಜದೋಷಕ್ಕೆಂದು ಹವಳದ ಉಂಗುರ ಮಾಡಿಸಿದ್ದರು. ಅದೇ ಕೈಯಲ್ಲಿ ಅಮ್ಮ ದಿನವೂ ಹುಣಸೆಹಣ್ಣು ಕಿವುಚಿದಳು, ನಿಂಬೆ ಹಿಂಡಿದಳು, ಪಾತ್ರೆ ಉಜ್ಜಿದಳು. ಹವಳ, ಮುತ್ತು ಎರಡೂ ಮೂಲತಃ ಸುಣ್ಣದಂಶದವು. ಹುಳಿ ಅವನ್ನು ಸವೆಸುತ್ತದೆ, ಬೆವರೂ ಸೆಂಟೂ ಮಂಕಾಗಿಸುತ್ತವೆ. ಹೊಳಪು ಹೋದ ಆ ಹವಳವನ್ನು ಕಂಡು, ದೋಷವನ್ನೆಲ್ಲ ಅದೇ ಹೀರಿಕೊಂಡಿತು ಎಂದು ಅಜ್ಜಿ ಸಮಾಧಾನಪಟ್ಟಳು. ನನಗೆ ಕಾಣುವುದು ಅಮ್ಮನ ದುಡಿಮೆ. ನಮ್ಮ ಕಡೆಯ ಹಳೆಯ ಒಡವೆಗಳಲ್ಲಿ ಮುತ್ತು ಹೆಚ್ಚಾಗಿ ಬುಗುಡಿಯಲ್ಲಿ, ನತ್ತಿನಲ್ಲಿ, ಮೂಗುಬೊಟ್ಟಿನಲ್ಲಿ ಇರುತ್ತಿತ್ತು, ಹುಣಸೆರಸ ತಾಗದ ಜಾಗಗಳಲ್ಲಿ. ಮಾಡಿಸಿದವರು ಅದನ್ನು ಯೋಚಿಸಿಯೇ ಮಾಡಿಸಿದ್ದರೆಂದು ನಂಬಲು ನನಗಿಷ್ಟ.

ಆದ್ದರಿಂದ ಯಾರಾದರೂ ಹರಳಿನ ಉಂಗುರ ಕೊಡುತ್ತೇನೆಂದರೆ ನಾನು ತಿಂಗಳು ಕೇಳುವುದಿಲ್ಲ. ಆ ಕೈ ದಿನವಿಡೀ ಏನು ಮಾಡುತ್ತದೆ ಎಂದು ಕೇಳುತ್ತೇನೆ. ಬೀದಿಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಅಳತೆಯಲ್ಲಿ ಅವುಗಳ ಗಡಸುತನ 7. ಅದಕ್ಕಿಂತ ಮೆತ್ತಗಿನ ಹರಳನ್ನು ದಿನಾ ಬೆರಳಿಗೆ ಹಾಕಿದರೆ ಧೂಳು ಒರೆಸಿದಷ್ಟೂ ಗೀರು ಬೀಳುತ್ತದೆ. ವಜ್ರ 10. ಮಾಣಿಕ್ಯ, ನೀಲ ಎರಡೂ 9, ಏಕೆಂದರೆ ಎರಡೂ ಒಂದೇ ಖನಿಜ, ಕುರುಂದ. ಸ್ವಲ್ಪ ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ, ಟೈಟಾನಿಯಂ ಸೇರಿದರೆ ನೀಲಿ. ಸೂರ್ಯನ ರತ್ನವೂ ಶನಿಯ ರತ್ನವೂ ಒಡಹುಟ್ಟಿದವು ಎಂದಾಗ ಅಕ್ಕ ನಂಬಲಿಲ್ಲ, ಆದರೆ ಕೇಳಿಸಿಕೊಂಡಳು. ಪಚ್ಚೆ ಗಡಸೇ, ಆದರೆ ಒಳಗೆ ಬಿರುಕುಗಳು ಸಹಜ. ಅವು ಕಾಣದಿರಲೆಂದು ಎಣ್ಣೆ ಕುಡಿಸಿರುತ್ತಾರೆ. ಬಿಸಿನೀರು, ಸೋಪು ಅದಕ್ಕೆ ಆಗದು.

ಓಪಲ್ ಇನ್ನೂ ಮೆತ್ತಗೆ, ಒಳಗೆ ನೀರಿನಂಶವನ್ನೇ ಇಟ್ಟುಕೊಂಡದ್ದು. ಪಾಪದ ಹರಳು ಅದು. 1829ರಲ್ಲಿ ವಾಲ್ಟರ್ ಸ್ಕಾಟ್ ತನ್ನೊಂದು ಕಾದಂಬರಿಯಲ್ಲಿ ಪವಿತ್ರಜಲದ ಹನಿ ಬಿದ್ದು ಬಣ್ಣಗೆಡುವ ಓಪಲ್ಲನ್ನು ತಂದ. ಅದು ಅಪಶಕುನದ ಕಲ್ಲೆಂಬ ಹೆಸರು ಯುರೋಪಿನಲ್ಲಿ ಹಬ್ಬಿತು. ವಿಕ್ಟೋರಿಯಾ ರಾಣಿ ಅದಕ್ಕೆ ಕಿವಿಗೊಡದೆ ಓಪಲ್ ತೊಟ್ಟಳು, ಹೆಣ್ಣುಮಕ್ಕಳಿಗೂ ಕೊಟ್ಟಳು. ನಮ್ಮ ನೀಲಕ್ಕೂ ಅಂಥವಳೊಬ್ಬಳು ಬೇಕು.

ನಮ್ಮ ಹುಡುಗಿ ಪಶುವೈದ್ಯೆ. ಕೈಗವಸು, ಕ್ರಿಮಿನಾಶಕ, ದಿನಕ್ಕೆ ಎಷ್ಟೋ ಸಲ ಕೈತೊಳೆಯುವುದು. ಉಂಗುರ ತೆಗೆದಿಟ್ಟು ಮರೆಯುವ ಕೆಲಸ. ನೀಲ ಸರಿ, ಬೆರಳಿಗೆ ಬೇಡ, ಕೊರಳಿಗಿರಲಿ ಎಂದೆ. ಅಚ್ಚರಿಗೊಳಿಸುವ ಹುಚ್ಚು ಬಿಟ್ಟು ಅವಳನ್ನೂ ಅಂಗಡಿಗೆ ಕರೆದುಕೊಂಡು ಹೋಗು ಎಂದೂ ಹೇಳಿದೆ. ಎಷ್ಟೋ ವರ್ಷ ಮೈಮೇಲಿರುವ ವಸ್ತುವಿನ ವಿಷಯದಲ್ಲಿ ಅವಳ ಕಣ್ಣಿಗಿಂತ ನಮ್ಮ ಗುಟ್ಟು ದೊಡ್ಡದಲ್ಲ.

ಚಿಕ್ಕಪೇಟೆಯ ಅಂಗಡಿಯಲ್ಲಿ ಹರಳುಗಳನ್ನು ಬಿಳಿ ಕಾಗದದ ಮೇಲೆ ಸುರಿದರು. ದೀಪದಡಿ ಎಲ್ಲವೂ ಸುಂದರ. ನಾವು ಕಾಗದ ಸಮೇತ ಬಾಗಿಲ ಬಳಿ, ಹಗಲ ಬೆಳಕಿಗೆ ತಂದೆವು; ಅರ್ಧದಷ್ಟು ಅಲ್ಲೇ ಕಪ್ಪಿಟ್ಟವು. ಮಾರುಕಟ್ಟೆಯ ನೀಲಗಳಲ್ಲಿ ಹೆಚ್ಚಿನವು ಬಣ್ಣ ತಿಳಿಯಾಗಲೆಂದು ಕಾಯಿಸಿದವೇ. ಹೇಳಿ ಮಾರಿದರೆ ತಪ್ಪಿಲ್ಲ. ಬಿರುಕಿಗೆ ಗಾಜು ತುಂಬಿದ ಮಾಣಿಕ್ಯವನ್ನು ಮಾತ್ರ ಮುಟ್ಟಬಾರದು, ನಿಂಬೆರಸವೇ ಆ ಗಾಜನ್ನು ತಿನ್ನುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ವಜ್ರವೂ ವಜ್ರವೇ. 2023ರಲ್ಲಿ ಪ್ರಧಾನಿ ಮೋದಿ ಅಮೆರಿಕ ಅಧ್ಯಕ್ಷರ ಪತ್ನಿಗೆ ಕೊಟ್ಟ 7.5 ಕ್ಯಾರೆಟ್ಟಿನದು ಅಂಥದ್ದೇ, ಅಂಥದ್ದೆಂದು ಹೇಳಿಯೇ ಕೊಟ್ಟದ್ದು. ಪ್ರೀತಿಯ ಉಡುಗೊರೆಯಲ್ಲಿ ನಾನು ಪಟ್ಟು ಹಿಡಿಯುವುದು ಈ ಹೇಳಿಕೊಡುವಿಕೆಗೆ. ಪ್ರಯೋಗಾಲಯದ ಪತ್ರ ಜೊತೆಗಿರಲಿ, ಅದನ್ನು ಅವಳೇ ಓದಲಿ.

ಅವಳು ಆರಿಸಿದ್ದು ಸಿಲೋನಿನ ತಿಳಿನೀಲ. ಒಳಗೆ ಸೂಜಿಯಷ್ಟು ಸಣ್ಣ ಗೆರೆಗಳಿವೆ ಎಂದು ಅಂಗಡಿಯವರು ಭೂತಗನ್ನಡಿ ಕೊಟ್ಟರು. "ಇರಲಿ ಬಿಡಿ ಸಾರ್, ಕಳೆದುಹೋದ್ರೂ ಗುರುತು ಹಿಡೀಬಹುದು" ಎಂದಳು. ಇಂಥ ಸೂಜಿಗಳೇ ಒತ್ತಾಗಿ ಸೇರಿ ಮೈಸೂರು ಸೀಮೆಯ ಮಾಣಿಕ್ಯಗಳಲ್ಲಿ ಆರು ಎಳೆಯ ನಕ್ಷತ್ರ ಮೂಡಿಸುತ್ತವೆ. ಜುಲೈಯಲ್ಲಿ ಹುಟ್ಟಿದವರಿಗೆ ನಮ್ಮ ಮಣ್ಣಿನ ಆ ಕಲ್ಲನ್ನು ಯಾರೂ ಕೊಡದಿರುವುದು ನನ್ನ ಕೊರಗು.

ಅತ್ತೆಯಾಗುವವರ ಮನಸ್ಸಿಗೆಂದು ಅವಳು ಮೂರು ರಾತ್ರಿ ಹರಳನ್ನು ದಿಂಬಿನಡಿ ಇಟ್ಟುಕೊಂಡಳು. ಹಸುವೊಂದು ಸುಖವಾಗಿ ಕರು ಹಾಕಿದ ಕನಸು ಬಿತ್ತಂತೆ. ಅಕ್ಕ ಒಪ್ಪಿದಳು.

ಉಳಿದದ್ದು ಅಕ್ಕಸಾಲಿಯ ಪ್ರಶ್ನೆ: "ಹಿಂದೆ ತಗಡು ಹಾಕಿ ಮುಚ್ಚಲಾ, ಹಾಗೇ ಬಿಡಲಾ?" ಹಳೆಯ ಕೆಂಪಿನ ಒಡವೆಗಳಲ್ಲಿ ಬಣ್ಣ ಏರಲೆಂದು ಹಿಂದೆ ಹೊಳೆಯುವ ತಗಡಿಟ್ಟು ಮುಚ್ಚುತ್ತಿದ್ದರು. ಮುಚ್ಚಬೇಡಿ, ಹಿಂದಿನಿಂದಲೂ ಬೆಳಕು ಹಾಯಲಿ ಎಂದೆ ನಾನು. ಮುಚ್ಚಬೇಡಿ, ರತ್ನ ಮೈಗೆ ತಾಗಬೇಕು ಎಂದಳು ಅಕ್ಕ. ಹುಡುಗಿ ನಮ್ಮಿಬ್ಬರನ್ನೂ ನೋಡಿ, ತೆರೆದೇ ಇರಲಿ ಎಂದು ಅಕ್ಕಸಾಲಿಗೆ ಹೇಳಿ ಮುಂಗಡ ಕೊಟ್ಟಳು.