ಒಂದು ಕೂಗು

ಮಳೆಗಾಲದಲ್ಲಿ ಮಲೆನಾಡಿನ ಬೆಟ್ಟಗಳು ಮನುಷ್ಯರನ್ನು ಹತ್ತಿರ ಸೇರಿಸುವುದಿಲ್ಲ. ಬೇಸಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭಯ. ಇವೆರಡರ ನಡುವೆ, ನವರಾತ್ರಿ ಕಳೆದು ದೀಪಾವಳಿ ಬರುವುದರೊಳಗೆ, ಬೆಟ್ಟವು ಅತಿಥಿಗಳನ್ನು ಆದರದಿಂದ ಬರಮಾಡಿಕೊಳ್ಳುತ್ತದೆ. ಅಂತಹ ಒಂದು ಶರತ್ಕಾಲದ ಬೆಳಗ್ಗೆ ನಾವು ಏಳು ಮಂದಿ, ಅರಣ್ಯ ಇಲಾಖೆಯವರ ಅನುಮತಿ ಪಡೆದು, ದಾರಿ ಬಲ್ಲ ಹಳ್ಳಿಗನೊಬ್ಬನನ್ನು ಕೂಡಿಕೊಂಡು, ಕುದುರೆಮುಖದ ಶಿಖರಕ್ಕೆಂದು ಮುಳ್ಳೋಡಿಯಿಂದ ಹೊರಟೆವು.

ನಮ್ಮಲ್ಲಿ ಐವರು ಗಟ್ಟಿ ಕಾಲಿನವರು. ಉಳಿದಿಬ್ಬರು ಅರವತ್ತು ದಾಟಿದ ದಂಪತಿಗಳು. ಯಜಮಾನರಿಗೆ ಮಂಡಿನೋವು ಬೇರೆ. “ರಾಯರು ಮನೆಯಲ್ಲಿಯೇ ವಿಶ್ರಮಿಸಿಕೊಳ್ಳಬಹುದಾಗಿತ್ತು” ಎಂದು ನಾವು ಉಪಚಾರಕ್ಕೆಂಬಂತೆ ಹೇಳಿದೆವು. ಒಳಗಿನ ಅರ್ಥ ಅವರಿಗೆ ತಿಳಿಯದೆ ಇರಲಿಲ್ಲ. “ನಿಮ್ಮ ಹಿಂದೆಯೇ ಬರುತ್ತೇವೆ, ತೊಂದರೆ ಕೊಡುವುದಿಲ್ಲ” ಎಂದು ಆ ತಾಯಿ ನಕ್ಕರು.

ಇಲ್ಲಿಯ ಬೆಟ್ಟಗಳ ಮೈಯೆಲ್ಲಾ ಹುಲ್ಲು. ಮಡಿಕೆಗಳಲ್ಲಿ ಮಾತ್ರ ಕಾಡು. ಗಾಳಿಯ ಹೊಡೆತ ತಗ್ಗಿ, ಮಣ್ಣಿನಲ್ಲಿ ತೇವ ನಿಲ್ಲುವ ಕಣಿವೆಗಳಲ್ಲಿ ಕುಳ್ಳಾದ ಮರಗಳು ಪಾಚಿ ಹೊದ್ದು ಒತ್ತಾಗಿ ಬೆಳೆದಿರುತ್ತವೆ. ಶೋಲವೆಂದು ಇದಕ್ಕೆ ಹೆಸರು. ಹುಲ್ಲೂ ಶೋಲವೂ ಕೂಡಿ ಮಳೆಯ ನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಡುವುದರಿಂದಲೇ ಮಳೆ ನಿಂತ ಮೇಲೂ ತೊರೆಗಳು ಬತ್ತುವುದಿಲ್ಲ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವುದು ಈ ಸೀಮೆಯಲ್ಲಿಯೇ. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿಯ ಕಬ್ಬಿಣದ ಅದಿರಿನ ಗಣಿಯ ಕೆಲಸ 2005ರ ಕೊನೆಗೆ ನಿಂತಿತು.

ತೊರೆಗಳನ್ನು ದಾಟುತ್ತ, ಇಂಬಳಗಳನ್ನು ಕಿತ್ತೆಸೆಯುತ್ತ ಮೇಲೇರಿದೆವು. ಮಧ್ಯಾಹ್ನದ ಹೊತ್ತಿಗೆ ಒಂದು ಶೋಲದ ಅಂಚಿನಲ್ಲಿ ರಾಯರು ಕುಳಿತುಬಿಟ್ಟರು. “ಇನ್ನು ಆಗದು, ನೀವು ಹೋಗಿಬನ್ನಿರಿ” ಎಂದರು. ಅವರ ಪತ್ನಿಯೂ ಪಕ್ಕದಲ್ಲಿ ಕುಳಿತರು. ದಾರಿತೋರುವವನಿಗೆ ಇದು ಒಪ್ಪಿಗೆಯಾಗಲಿಲ್ಲ. ನಮ್ಮ ಒತ್ತಾಯಕ್ಕೆ ಮಣಿದು, ಸ್ಥಳ ಬಿಟ್ಟು ಕದಲಬಾರದೆಂದು ಅವರಿಗೆ ಎರಡು ಸಲ ಹೇಳಿ ಬಂದನು. ನಮಗಾದರೋ, ಮುಚ್ಚಿಡುವುದೇಕೆ, ಹೊರೆಯಿಳಿದಂತಾಯಿತು.

ಸುಮಾರು 1,890 ಮೀಟರ್ ಎತ್ತರದ ಆ ಶಿಖರದಿಂದ ಪಡುವಣ ಕಡಲನ್ನು ನೋಡಬೇಕೆಂದಿದ್ದೆವು. ಕಂಡದ್ದು ಕಣಿವೆಯಿಂದ ಏರಿಬರುತ್ತಿದ್ದ ಮಂಜು. ಇಳಿಯತೊಡಗಿದಾಗ ನಮ್ಮಲ್ಲೊಬ್ಬರ ಪಾದರಕ್ಷೆಯ ಅಟ್ಟೆ ಕಿತ್ತುಹೋಯಿತು. ಹಳ್ಳಿಗನು ಅದನ್ನು ಕಟ್ಟಿಕೊಡುವಷ್ಟರಲ್ಲಿ, ಬಂದ ದಾರಿಯೇ ತಾನೇ ಎಂದು ನಾವು ನಾಲ್ವರು ಮುಂದೆ ನಡೆದೆವು.

ಹತ್ತು ಮಾರಿನಾಚೆಗೆ ಏನೂ ಕಾಣದಾಯಿತು. ಹುಲ್ಲುಬೆಟ್ಟದಲ್ಲಿ ಗುರುತಿಗೆ ಮರವಿಲ್ಲ, ಬಂಡೆಯಿಲ್ಲ. ಕಾಲಡಿಯ ಜಾಡು ಕ್ರಮೇಣ ಕಡಿದಾಯಿತು. ಕೆಸರಿನಲ್ಲಿ ದೊಡ್ಡ ಗೊರಸಿನ ಗುರುತುಗಳು. ಅದು ಮನುಷ್ಯರ ಹಾದಿಯಲ್ಲ, ಕಾಟಿಗಳದು! ಹಿಂದಿರುಗಿದರೆ ಜಾಡು ಎರಡಾಗಿ ಕವಲೊಡೆದಿತ್ತು. ಹಳ್ಳಿಗನನ್ನು ಕೂಗಿದೆವು, ಉತ್ತರವಿಲ್ಲ. ಮಾತು ನಿಂತಿತು. ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡದ್ದು ಯಾವಾಗಲೋ ನಮಗೇ ತಿಳಿಯದು.

ಆಗ ಎಡಗಡೆಯಿಂದ, ಬಹು ದೂರದಲ್ಲಿ, “ಕೂ…” ಎಂಬ ದನಿ ಕೇಳಿಸಿತು. ಹಕ್ಕಿಯೆಂದುಕೊಂಡೆವು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ, ಅಷ್ಟೇ ದೀರ್ಘವಾಗಿ. ಅದು ಕೇಳಿದಾಗಲೆಲ್ಲ ನಡೆದು, ನಿಂತಾಗಲೆಲ್ಲ ನಿಂತು, ಅಡ್ಡಡ್ಡ ಸಾಗಿದೆವು. ಕೊನೆಗೆ ಮಂಜಿನೊಳಗಿನಿಂದ ಶೋಲದ ಅಂಚು ಕಪ್ಪಗೆ ಮೂಡಿತು. ಆ ತಾಯಿ ಕೈಗಳನ್ನು ಬಾಯಿಗೆ ಮರೆಮಾಡಿ ನಿಂತಿದ್ದರು. ರಾಯರ ಪಕ್ಕದಲ್ಲಿ ಚಿತ್ರಾನ್ನದ ಗಂಟು ಬಿಚ್ಚದೆ ಇದ್ದಿತು.

“ನಮ್ಮ ತವರಿನಲ್ಲಿ ತೋಟದಾಚೆಯ ಮನೆಯವರನ್ನು ಹೀಗೆಯೇ ಕರೆಯುವುದು. ಮಂಜು ಬಂದದ್ದನ್ನು ಕಂಡು ಕೂಗುತ್ತಲೇ ಇದ್ದೆ” ಎಂದರು. ದನಿ ಕಟ್ಟಿಹೋಗಿತ್ತು. ಅಷ್ಟರಲ್ಲಿ ಹಳ್ಳಿಗನೂ ನಮ್ಮ ಮಿತ್ರರೂ ಬಂದರು. “ಕಾಟಿಯ ಜಾಡು ಹಿಡಿದಿರಾ?” ಎಂದನೇ ಹೊರತು ಅವನು ಬೇರೇನೂ ಅನ್ನಲಿಲ್ಲ.

ಎಲ್ಲರೂ ಕೂಡಿ ಉಂಡೆವು. ಮಂಡಿ ನೋಯುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ. ಆದುದರಿಂದ ರಾಯರನ್ನು ಮುಂದೆ ಬಿಟ್ಟು, ಅವರ ಹೆಜ್ಜೆಗೆ ನಮ್ಮ ಹೆಜ್ಜೆಯನ್ನು ಅಳವಡಿಸಿಕೊಂಡು ಇಳಿದೆವು. ಹೊತ್ತು ಮುಳುಗುವ ಮುನ್ನ ಮುಳ್ಳೋಡಿ ಸಿಕ್ಕಿತು. ಬರುವ ಶರತ್ಕಾಲಕ್ಕೆ ಅವರನ್ನು ನಾವಾಗಿಯೇ ಕರೆದಿದ್ದೇವೆ. ಬರುತ್ತೇವೆಂದು ಅವರು ಇನ್ನೂ ಮಾತು ಕೊಟ್ಟಿಲ್ಲ.