ಪಕ್ಕದ ಮಂಚದವನು ಮೊದಲು ಎದ್ದ

ಕೆನ್ನೆಯ ಮೇಲೆ ನೊಣ ಕೂತಿದೆ. ಗೊತ್ತಾಗುತ್ತಿದೆ, ಓಡಿಸಲು ಕೈ ಏಳುತ್ತಿಲ್ಲ. ವೆಂಟಿಲೇಟರ್ ನೂಕಿದಷ್ಟೇ ನಿಮಗೆ ಉಸಿರು.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೈ ಇದು. ಭೇದಿ ನಿಂತು ಎರಡು ವಾರವಾಗಿತ್ತು, ಪಾದ ಜುಮುಗುಟ್ಟಿತು. ಮಾರನೇ ದಿನ ಮಂಡಿ ಕುಸಿಯಿತು, ಆಮೇಲೆ ತೋಳು. ಅನಂತಪುರಕ್ಕೆ ತಂದಾಗ ಡಾಕ್ಟರು ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರು, ಕಾಲು ಮಿಸುಕಲಿಲ್ಲ. ಒಂದೇ ಉಸಿರಲ್ಲಿ ಎಣಿಸಲು ಹೇಳಿದರು. ಇಪ್ಪತ್ತು ದಾಟಬೇಕಾದ ಲೆಕ್ಕ, ಏಳಕ್ಕೇ ನಿಂತಿತು. ಗಿಲಿಯನ್-ಬಾರೆ ಸಿಂಡ್ರೋಮ್. 1916ರಲ್ಲಿ ಫ್ರಾನ್ಸಿನ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡು ಬರೆದಿಟ್ಟ ಕಾಯಿಲೆ. ರೋಗಾಣುವಿನ ಮೇಲೆ ಎದ್ದ ದೇಹದ ರಕ್ಷಣಾ ವ್ಯವಸ್ಥೆ ಈಗ ನಿಮ್ಮದೇ ನರಗಳ ಹೊದಿಕೆ ಸುಲಿಯುತ್ತಿದೆ. ಇಮ್ಯುನೋಗ್ಲಾಬ್ಯುಲಿನ್ ಡ್ರಿಪ್ ಶುರುವಾಗಿದೆ: ಕಿಲೋ ತೂಕಕ್ಕೆ ದಿನಕ್ಕೆ 0.4 ಗ್ರಾಂ, ಐದು ದಿನ.

ಬೆಳಗಾಗುವಷ್ಟರಲ್ಲಿ ಪಕ್ಕದ ಮಂಚಕ್ಕೆ ಮಡಕಶಿರಾ ಕಡೆಯ ಹುಡುಗ ಬಂದ. 2022ರಲ್ಲಿ ಅವನೂರು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರೂ ಆಂಬುಲೆನ್ಸ್ ಹಿಡಿದದ್ದು ಅನಂತಪುರದ ದಾರಿಯನ್ನೇ. ಹೊಲದ ಶೆಡ್ಡಿನಲ್ಲಿ ನೆಲಕ್ಕೆ ಮಲಗಿದ್ದವನು. ಬಾವಿಲ್ಲ, ಉರಿಯಿಲ್ಲ; ಹೊಟ್ಟೆನೋವು ಬಂತು, ರೆಪ್ಪೆ ಜೋತುಬಿತ್ತು, ಉಸಿರು ಸಿಕ್ಕಿಕೊಂಡಿತು. ಕಟ್ಟುಹಾವು. ತಾಯಿ ಎದೆ ಬಡಿದುಕೊಂಡಾಗ ನರ್ಸಮ್ಮ ಗದರಿದರು: "ಅಳಬೇಡಮ್ಮ, ಅವನಿಗೆ ಎಲ್ಲಾ ಕೇಳ್ತದೆ. ಮಾತಾಡಿಸು."

ಕೇಳುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೆಲವೇ ದಿನ. ಹುಡುಗನ ರೆಪ್ಪೆ ಅದುರುತ್ತದೆ, ಕೊಳವೆ ತೆಗೆಯುತ್ತಾರೆ, ಗಂಜಿ ಕುಡಿದು ಊರಿಗೆ ಹೊರಡುತ್ತಾನೆ. ನಿಮ್ಮೆದೆಯಲ್ಲಿ ಹೊಟ್ಟೆಕಿಚ್ಚು. ಅವನಲ್ಲಿ ಕೆಟ್ಟದ್ದು ನರದ ತುದಿ ಮಾತ್ರ. ರಕ್ತದಲ್ಲಿದ್ದ ವಿಷವನ್ನು ಚುಚ್ಚುಮದ್ದು ತಡೆದ ಮೇಲೆ ತುದಿ ಬೇಗ ಚಿಗುರಿತು. ನಿಮ್ಮಲ್ಲಿ ಹಾದಿಯುದ್ದಕ್ಕೂ ಪೆಟ್ಟು. ಒಳಗಿನ ತಂತು ತುಂಡಾದ ಕಡೆ ಬೆಳವಣಿಗೆ ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಪಾದದವರೆಗೆ ನೀವೇ ಲೆಕ್ಕ ಹಾಕಿಕೊಳ್ಳಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಮೊದಲು ಕತ್ತು ತಿರುಗಿತು, ಆಮೇಲೆ ಭುಜ. ವೆಂಟಿಲೇಟರ್ ಹಗಲು ಬಿಟ್ಟಿತು, ಕೊನೆಗೆ ರಾತ್ರಿಯೂ. ಇಂದು ಫಿಸಿಯೋಥೆರಪಿಯವನು ಅಂಗಾಲಿಗೆ ಅಂಗೈ ಒತ್ತಿ ಹಿಡಿದಿದ್ದಾನೆ.

"ಮಿಷಿನ್ ತುಳಿದಂಗೆ ಒತ್ತಣ್ಣ."

ಹೆಬ್ಬೆರಳು ಒತ್ತುತ್ತದೆ.

"ಅಂಗಡಿಗೆ ಯಾವಾಗ ಹೋಗ್ಬೋದಪ್ಪ?" ಹೆಂಡತಿಯ ಪ್ರಶ್ನೆ.

"ಮೊದ್ಲು ಮಂಚದ ಮೇಲೆ ಕೂರ್ಲಿ ಅಕ್ಕ. ಆಮೇಲೆ ಅಂಗಡಿ ಮಾತು."