ನಾಲ್ಕನೇ ಜ್ವರ ಎದ್ದ ಮೇಲೆ

"ಬಾಗ್ಲು ಹಾಕ್ಲಾ, ಊಜಿ ನುಗ್ತು!"

ಅವ್ವ ಕೂಗಿದ್ದೇ ತಡ, ಸೊಪ್ಪಿನ ಹೊರೆ ಅಂಗಳದಲ್ಲೇ ಬಿಸಾಕಿ ಓಡಿದೆ. ಕನಕಪುರ ಸೀಮೆಯ ನಮ್ಮ ಹುಳುಮನೆಯಲ್ಲಿ 100 ಚಿಟ್ಟೆಗಳ ಮೊಟ್ಟೆಯ ರೇಷ್ಮೆಹುಳು, ಅಂದರೆ ಹತ್ತಿರಹತ್ತಿರ 40,000 ಜೀವ, ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಮಳೆ ಸುರಿದಂಥ ಸದ್ದಿನಲ್ಲಿ ಮೇಯುತ್ತಿದ್ದವು. ಕಿಟಕಿಯ ನೈಲಾನ್ ಪರದೆಯಲ್ಲಿ ಇಲಿ ಕಡಿದ ತೂತು. ಪಕ್ಕದಲ್ಲೇ ಊಜಿ ನೊಣ ಕೂತಿತ್ತು: ಮನೆನೊಣಕ್ಕಿಂತ ದಪ್ಪ, ಬೂದುಗಪ್ಪು ಮೈ, ಬೆನ್ನ ಮೇಲೆ ನಾಲ್ಕು ಕರಿ ಗೆರೆ.

ತೂತಿಗೆ ಬಟ್ಟೆ ತುರುಕಿ ಟವಲ್ ಬೀಸಿದೆ. ತಪ್ಪಿತು. ತಟ್ಟೆಯಿಂದ ತಟ್ಟೆಗೆ ಹಾರಿತು. ಹುಳುವಿನ ಮೇಲೆ ಒಂದು ಗಳಿಗೆ ಕೂತು ಮೊಟ್ಟೆ ಅಂಟಿಸಿ ಮುಂದಿನದಕ್ಕೆ ಹೋಗುತ್ತದೆ; ಒಂದು ಹೆಣ್ಣು ಇಡುವುದು 300ಕ್ಕೂ ಹೆಚ್ಚು. ಮೂರನೇ ಏಟಿಗೆ ಬಿತ್ತು. ಅಷ್ಟರೊಳಗೆ ಎಷ್ಟಕ್ಕೆ ಇಟ್ಟಿತ್ತೋ!

ಅವ್ವ ಟಾರ್ಚ್ ಹಿಡಿದಳು. ಹುಳುವಿನ ಉಂಗುರದ ಸಂದಿಯಲ್ಲಿ ಗುಂಡುಸೂಜಿಯ ತಲೆಗಿಂತ ಚಿಕ್ಕ ಕೆನೆಬಿಳಿ ಚುಕ್ಕೆ. ಎರಡು ಮೂರು ದಿನಕ್ಕೆ ಒಡೆದು ಮರಿ ಚರ್ಮ ಕೊರೆದು ಒಳಗಿಳಿಯುತ್ತದೆ, ಹೊಕ್ಕಲ್ಲಿ ಕಪ್ಪು ಕಲೆ. ಪಾಪದ ಹುಳು ಮೇಯುತ್ತಲೇ ಇರುತ್ತದೆ. ಗೂಡು ಕಟ್ಟಿದರೂ ಊಜಿ ಮರಿ ಅದನ್ನು ತೂತು ಹೊಡೆದೇ ಹೊರಬರುತ್ತದೆ. ಆ ಗೂಡಿನಿಂದ ನೂಲು ಬಿಚ್ಚಲಾಗದು.

ಇದು ನಮ್ಮ ಸೀಮೆಯ ನೊಣವೇ ಅಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡಿನ ಜೊತೆ ಕರ್ನಾಟಕಕ್ಕೆ ಬಂತು. ರಾಮನಗರ, ಚನ್ನಪಟ್ಟಣ, ಮಾಗಡಿಯಲ್ಲಿ ಬೆಳೆ ಮೇಲೆ ಬೆಳೆ ಎಬ್ಬಿಸುತ್ತೇವಲ್ಲ, ಅದಕ್ಕೆ ವರ್ಷವಿಡೀ ಹಬ್ಬ.

ಆ ರಾತ್ರಿಯೇ ಹುಳುವಿನ ಮೇಲೆ ಊಜಿಸೈಡ್ ಔಷಧ ಸಿಂಪಡಿಸಿದೆವು, ಆಮೇಲೆ ದಿನ ಬಿಟ್ಟು ದಿನ. ಕಿಟಕಿಯ ಒಳಗೂ ಹೊರಗೂ ಊಜಿ ಮಾತ್ರೆ ಕರಗಿಸಿದ ನೀರಿನ ಬಿಳಿ ತಟ್ಟೆ. ಏಳನೇ ದಿನ ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ಏರಿದವು. ನಡುರಾತ್ರಿ ಚಂದ್ರಿಕೆಯ ಬುಡದಲ್ಲಿ ಟಪ್ ಎಂದಿತು.

"ಬಿದ್ವು ಕಣ್ಲಾ, ಹೆಕ್ಕು!"

ಊಜಿ ಮರಿಗಳು ನೆಲದ ಬಿರುಕು ಸೇರಿದವೋ, ಕೋಶವಾಗಿ 10-12 ದಿನಕ್ಕೆ ಮತ್ತೆ ನೊಣ. ಮಂಡಿಯೂರಿದೆವು. ಬಿಳಿ ಮರಿಗಳು ಕತ್ತಲಿಗೆ ಹರಿಯುತ್ತಿದ್ದವು. ಅವ್ವ ಬರಿಗೈಯಲ್ಲಿ ಹಿಡಿಹಿಡಿದು ಸೋಪಿನ ನೀರಿಗೆ ಎಸೆದಳು, ನಾನು ಪರಕೆಕಡ್ಡಿಯಿಂದ ಬಿರುಕು ಕೆದಕಿದೆ. ಬೆಳಕು ಹರಿಯಿತು. ಎಷ್ಟೋ ತಪ್ಪಿಸಿಕೊಂಡಿದ್ದವು.

ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಿದ ದಿನವೇ ಹುಳುಮನೆಯಲ್ಲೂ ತಿಪ್ಪೆಯಲ್ಲೂ ನೆಸೊಲಿಂಕ್ಸ್ ಕಣಜ ಬಿಟ್ಟೆವು. ಇರುವೆಗಿಂತ ಚಿಕ್ಕವು, ಊಜಿಯ ಕೋಶ ಚುಚ್ಚಿ ಒಳಗೆ ಮೊಟ್ಟೆಯಿಡುತ್ತವೆ. ಮೂರನೇ ವಾರ ತಿಪ್ಪೆ ಕೆದಕಿದಾಗ ಕಂದು ಕೋಶವೊಂದು ಸಿಕ್ಕಿತು. ಉಗುರಿನಿಂದ ಒಡೆದೆ. ನೊಣ ಇರಲಿಲ್ಲ. ಕಣಜಗಳು ಒಂದರ ಹಿಂದೊಂದು ನನ್ನ ಅಂಗೈ ಮೇಲೆ ಹರಿದುಬಂದವು.